ನಮ್ಮ ಭಾವ ಪಕ್ಕಕ್ಕಿಟ್ಟ ನಂಬರು

ನಮ್ಮ ಭಾವನ ಬಗ್ಗೆ ಊರಲ್ಲಿ ಓಡಾಡುವ ಕಥೆ ಇಷ್ಟು: ಕ್ರೀಡಾ ವಸತಿ ಶಾಲೆಯ ಆಯ್ಕೆ ಸಮಿತಿಯಲ್ಲಿ ಕೂತು, ಊರಿಗೆಲ್ಲ ನ್ಯಾಯ ನೀತಿ ಎಂದು ಬೋಧನೆ ಮಾಡಿ, ಸಮಯ ಬಂದಾಗ ಸದ್ದಿಲ್ಲದೆ ತನ್ನ ಮಗಳಿಗೇ ಜಾಗ ಕೊಡಿಸಿಕೊಂಡ ಮನುಷ್ಯ. ಕಥೆ ಹೇಳಿದವರು ಕೊನೆಗೊಮ್ಮೆ ಲೊಚಗುಟ್ಟುತ್ತಾರೆ. ನಾನು ಅದೇ ಶಾಲೆಯಲ್ಲಿ ಓಟದ ಕೋಚ್, ಅವರ ಹೆಂಡತಿಯ ಸ್ವಂತ ತಂಗಿ. ನನ್ನ ಎದುರಿಗೇ ಈ ಕಥೆ ಹೇಳಿ ಲೊಚಗುಟ್ಟಿದವರಿದ್ದಾರೆ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಆ ಮಗಳು ವಸತಿ ಶಾಲೆ ಮುಗಿಸಿ ಹೊರಬಂದಿದ್ದಾಳೆ, ಇನ್ನು ಅವಳಿಂದ ಯಾರೂ ಏನೂ ಕಿತ್ತುಕೊಳ್ಳುವ ಹಾಗಿಲ್ಲ. ಹಾಗಾಗಿ ಬೀಗ ತೆಗೆಯುತ್ತಿದ್ದೇನೆ.

ಮೊದಲು ಭಾವನನ್ನು ನೋಡಿಬಿಡಿ. ನೋಡುವಂಥದ್ದು ಹೆಚ್ಚೇನಿಲ್ಲ. ಎತ್ತರ ಸಾಧಾರಣ, ಮೈಕಟ್ಟು ಸಾಧಾರಣ, ಮುಖ ಅಂತೂ ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸುವ ಮುಖ. ಅಕ್ಕನ ಮದುವೆಯ ಫೋಟೊ ತೋರಿಸಿದರೆ ಇವತ್ತಿಗೂ ಜನ ಮದುಮಗ ಯಾರು ಎಂದು ಕೇಳುತ್ತಾರೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಮೇಲಿನ ಸೂಚನಾ ಫಲಕವನ್ನು ಬಹಳ ಆಸಕ್ತಿಯಿಂದ ಓದುತ್ತಾರೆ. ಫಲಕದಲ್ಲಿ ಉಗುಳಬೇಡಿ ಎಂದು ಬಿಟ್ಟರೆ ಬೇರೇನೂ ಇರುವುದಿಲ್ಲ, ಉಸಿರು ಹತೋಟಿಗೆ ಬರುವ ತನಕ ಅದನ್ನೇ ಓದುತ್ತಾರೆ.

ಇಪ್ಪತ್ತು ವರ್ಷ ಅವರು ಬಿಸ್ಕತ್ತು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದರು. ಒಲೆಯಿಂದ ಬಿಸ್ಕತ್ತು ಸಾಲುಸಾಲಾಗಿ ಬರುತ್ತದೆ. ಭಾವ ಆಗಾಗ ಒಂದು ಹಿಡಿ ಎತ್ತಿಕೊಂಡು ತೂಗಿ, ಗೋಡೆಯ ನಕ್ಷೆಯಲ್ಲಿ ಒಂದು ಚುಕ್ಕೆ ಇಡಬೇಕು. ನಕ್ಷೆಯಲ್ಲಿ ಮೇಲೊಂದು ಕೆಂಪು ಗೆರೆ, ಕೆಳಗೊಂದು ಕೆಂಪು ಗೆರೆ. ಚುಕ್ಕೆ ಎರಡರ ನಡುವೆ ಬಿದ್ದರೆ ಎಲ್ಲರೂ ನೆಮ್ಮದಿಯಿಂದ ಚಹಾ ಕುಡಿಯಬಹುದು. ಕೆಳಗಿನ ಗೆರೆ ದಾಟಿದರೆ ಗಿರಾಕಿಗೆ ಮೋಸ, ಮೇಲಿನ ಗೆರೆ ದಾಟಿದರೆ ಪೊಟ್ಟಣ ಮುಚ್ಚುವುದಿಲ್ಲ. ಎರಡನ್ನೂ ಎತ್ತಿ ಪಕ್ಕಕ್ಕಿಡಬೇಕು.

"ದಪ್ಪ ಬಿಸ್ಕತ್ತು ತಿನ್ನೋಕೆ ಚೆನ್ನಾಗಿರುತ್ತಲ್ಲ ಭಾವ, ಅದನ್ಯಾಕೆ ಪಕ್ಕಕ್ಕಿಡ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ಚೆನ್ನಾಗಿರೋದು ಬೇರೆ, ಸರಿಯಾಗಿರೋದು ಬೇರೆ ಕಣಮ್ಮ," ಎಂದರು. ಇಂಥ ಮನುಷ್ಯನ ಜೊತೆ ನನ್ನಕ್ಕ ಹೇಗೆ ಸಂಸಾರ ಮಾಡಿದಳೋ ಅವಳಿಗೇ ಗೊತ್ತು.

ಕಾರ್ಖಾನೆ ಮುಚ್ಚಿತು. ಅದೇ ಹೊತ್ತಿಗೆ ನಮ್ಮ ಶಾಲೆಗೆ ಅಂಕಿಅಂಶ ನೋಡಿಕೊಳ್ಳುವವರು ಬೇಕಾಗಿದ್ದರು. ನಮ್ಮದು ಹನ್ನೆರಡು ತುಂಬದ ಮಕ್ಕಳನ್ನು ಆರಿಸಿ, ಊಟ ವಸತಿ ಕೊಟ್ಟು, ಓಟ ಜಿಗಿತ ಎಸೆತ ಕಲಿಸುವ ಶಾಲೆ. ಮಕ್ಕಳನ್ನು ಆರಿಸುವುದು ಹೇಗೆ ಎಂದರೆ, ಕೋಚ್‌ಗಳೆಲ್ಲ ಎದೆಯ ಮೇಲೆ ಕೈಕಟ್ಟಿಕೊಂಡು ಸಾಲಾಗಿ ನಿಲ್ಲುವುದು, ಕಣ್ಣಿಗೆ ಬಿದ್ದ ಮಗುವನ್ನು ಬೆರಳಲ್ಲಿ ತೋರಿಸುವುದು. ಗುಂಡೆಸೆತದ ಕೋಚ್ ಅಂತೂ, "ನನ್ನ ಕಣ್ಣು ಎಕ್ಸ್‌ರೇ ಇದ್ದ ಹಾಗೆ, ಮೂಳೆ ನೋಡಿ ಹೇಳ್ತೀನಿ," ಎನ್ನುತ್ತಿದ್ದರು. ಬಾಗಿಲಲ್ಲಿ ಅಡ್ಡ ತಿರುಗಿ ಒಳಬರುವ ಗಾತ್ರದ ಮನುಷ್ಯ. ಎದುರು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ. ಮೇಲಿನವರು ಬಂದು, ಇದೇನು ಸಂತೆಯಲ್ಲಿ ಕುಂಬಳಕಾಯಿ ಆರಿಸಿದ ಹಾಗೆ, ಲೆಕ್ಕ ಇಡಿ ಎಂದು ನಿರ್ದೇಶಕರಿಗೆ ಉಗಿದಿದ್ದರು. ಉಗಿಸಿಕೊಂಡ ನಿರ್ದೇಶಕರು ಜಾಹೀರಾತು ಕೊಟ್ಟರು, ಭಾವ ಅರ್ಜಿ ಹಾಕಿದರು.

ನಾನು ಅಕ್ಕನ ಹತ್ತಿರ ಗೊಣಗಿದೆ. ಮನೆಯಲ್ಲಿ ತಲೆ ತಿನ್ನುವುದು ಸಾಲದು ಅಂತ ಇನ್ನು ಮೈದಾನದಲ್ಲೂ ತಿನ್ನುತ್ತಾರಲ್ಲ ಎಂದು.

ತಿಂದರು. ಬಂದ ತಿಂಗಳೊಪ್ಪತ್ತಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. ಹಿಂದಿನ ವರ್ಷಗಳಲ್ಲಿ ನಾವು ಆರಿಸಿದ ಮಕ್ಕಳು ಯಾವ ಯಾವ ತಿಂಗಳಲ್ಲಿ ಹುಟ್ಟಿದವರು ಎಂಬ ಚಿತ್ರ. ವಯಸ್ಸಿನ ಲೆಕ್ಕ ಶುರುವಾಗುವ ಮೊದಲ ಮೂರು ತಿಂಗಳ ಕಂಬಗಳು ಆಕಾಶ ಮುಟ್ಟಿದ್ದವು. ಕೊನೆಯ ಮೂರು ತಿಂಗಳ ಕಂಬಗಳು ನೆಲ ಬಿಟ್ಟು ಎದ್ದಿರಲೇ ಇಲ್ಲ.

"ಮೊದಲ ತಿಂಗಳ ಮಕ್ಕಳು ಗಟ್ಟಿಮುಟ್ಟಾಗಿರ್ತಾರೆ. ನಮ್ಮಜ್ಜಿ ಹೇಳ್ತಿದ್ರು," ಎಂದರು ಗುಂಡೆಸೆತದ ಕೋಚ್.

"ನಿಮ್ಮಜ್ಜಿ ಸರಿಯಾಗೇ ಹೇಳಿದಾರೆ," ಎಂದರು ಭಾವ. "ಹನ್ನೊಂದು ತಿಂಗಳು ಹೆಚ್ಚಿಗೆ ಊಟ ಮಾಡಿರ್ತಾರಲ್ಲ. ಆ ವಯಸ್ಸಲ್ಲಿ ಅದು ಅಂಗೈ ಅಗಲದ ವ್ಯತ್ಯಾಸ. ಒಂದೇ ಗುಂಪು ಅಂತ ನಿಲ್ಲಿಸ್ತೀರಿ, ದೊಡ್ಡೋರನ್ನ ಆರಿಸ್ತೀರಿ. ನೀವು ಇಷ್ಟು ವರ್ಷ ಆರಿಸಿರೋದು ಪ್ರತಿಭೆ ಅಲ್ಲ ಸಾರ್, ಹುಟ್ಟುಹಬ್ಬ."

ನನಗೂ ಮುಖಕ್ಕೆ ಹೊಡೆದ ಹಾಗಾಯಿತು. ಆ ವರ್ಷದಿಂದ ಪ್ರತಿ ಮಗುವಿನ ಓಟ ಜಿಗಿತವನ್ನು ಅದರ ವಯಸ್ಸಿನ ತಿಂಗಳಿಗೆ ಸರಿದೂಗಿಸಿ ಅಂಕ ಕೊಡುವ ಪದ್ಧತಿ ತಂದರು. ಪದ್ಧತಿ ಬಂದ ಮೇಲೆ ಒಳಗೆ ಬಂದ ಒಣಕಲು ಮಕ್ಕಳನ್ನು ನೋಡಿ ನಾನು ಮೂಗು ಮುರಿದೆ. ಎರಡು ವರ್ಷ ಕಳೆದ ಮೇಲೆ ನನ್ನ ರಿಲೇ ತಂಡದಲ್ಲಿ ಮುಕ್ಕಾಲು ಪಾಲು ಅದೇ ಒಣಕಲುಗಳು. ಅದನ್ನು ಭಾವನೆದುರು ಒಪ್ಪಿಕೊಳ್ಳಲಿಲ್ಲ. ನಾದಿನಿಯಾಗಿ ಒಂದು ಮರ್ಯಾದೆ ಬೇಡವೆ?

ಆಮೇಲೆ ಇನ್ನೊಂದು ಹಿಡಿದರು. ಶಾಲೆಯಲ್ಲಿ ಮಕ್ಕಳು ಮೊದಲ ಪರೀಕ್ಷೆಗಿಂತ ಎಷ್ಟು ಸುಧಾರಿಸಿದರು ಎನ್ನುವುದರ ಮೇಲೆ ಕೋಚ್‌ಗಳಿಗೆ ಬಡ್ತಿ. ಗುಂಡೆಸೆತದ ಕೋಚ್‌ನ ಮಕ್ಕಳು ಪ್ರತಿ ವರ್ಷ ಬೆಂಕಿಯ ಹಾಗೆ ಸುಧಾರಿಸುತ್ತಿದ್ದರು. ಭಾವ ಅಂಕಿಗಳನ್ನು ಹರಡಿಕೊಂಡು ಕೂತು ಕಂಡುಹಿಡಿದದ್ದೇನೆಂದರೆ, ಮೊದಲ ಪರೀಕ್ಷೆಯ ದಿನ ಅವರ ಮಕ್ಕಳು ಗುಂಡನ್ನು ಎಸೆಯುತ್ತಿರಲಿಲ್ಲ, ಇಳಿಸುತ್ತಿದ್ದರು. "ಇವತ್ತು ಮೆಲ್ಲಗೆ ಹಾಕ್ರೋ, ಆಮೇಲೆ ನೋಡ್ಕೊಳ್ಳೋಣ," ಎಂದು ಕೋಚ್ ಮೊದಲೇ ಕಿವಿಯೂದಿರುತ್ತಿದ್ದರು. ಭಾವ ಹೊಸ ನಿಯಮ ಬರೆಸಿದರು: ಯಾವುದೇ ಪರೀಕ್ಷೆಯಲ್ಲಿ ಬೇಕೆಂದೇ ಕಡಿಮೆ ಮಾಡಿದ್ದು ಗೊತ್ತಾದರೆ ಆ ಮಗು ಅನರ್ಹ. ಮುಂದೆಂದೂ ಪ್ರವೇಶವಿಲ್ಲ. ಗುಂಡೆಸೆತದ ಕೋಚ್ ಅವತ್ತಿನಿಂದ ಭಾವನನ್ನು "ಸರಾಸರಿ ಸಾಹೇಬ್ರು" ಎಂದು ಕರೆಯತೊಡಗಿದರು. ಎಲ್ಲರ ಬಾಯಲ್ಲೂ ಅದೇ ನಿಂತಿತು.

ಇನ್ನು ಪಕ್ಕಕ್ಕಿಡುವ ನಿಯಮ. ಅಳತೆ ಎಂದ ಮೇಲೆ ತಪ್ಪುಗಳಾಗುತ್ತವೆ. ಒಮ್ಮೆ ಒಬ್ಬ ಹುಡುಗನ ತೂಕ ನಾಲ್ಕು ಕಿಲೋ ಎಂದು ಬಂದಿತ್ತು. ನೋಡಿದರೆ ಗುಂಡೆಸೆತದ ಕೋಚ್ ಹುಡುಗನ ತೂಕದ ಜಾಗದಲ್ಲಿ ಗುಂಡಿನ ತೂಕ ಹಾಕಿದ್ದರು. ಇಂಥದ್ದನ್ನು ಹಿಡಿಯಲು ಭಾವ ಕಂಪ್ಯೂಟರಿನಲ್ಲಿ ಎರಡು ಗೆರೆ ಎಳೆದಿಟ್ಟರು, ಕಾರ್ಖಾನೆಯ ಹಾಗೆಯೇ. ಎಲ್ಲ ಮಕ್ಕಳ ಅಂಕಿಗಳಿಂದ ತೀರ ದೂರ ಹೋದದ್ದು, ಮೇಲಾಗಲಿ ಕೆಳಗಾಗಲಿ, ಅಳತೆಯ ದೋಷ ಎಂದು ಪಕ್ಕಕ್ಕೆ ಹೋಗುತ್ತದೆ. ಮಕ್ಕಳಿಗೆ ಹೆಸರಿರುವುದಿಲ್ಲ, ಎದೆಯ ಮೇಲಿನ ನಂಬರು ಮಾತ್ರ. ಯಾರ ಮಗು ಎಂದು ಕಂಪ್ಯೂಟರಿಗೂ ಗೊತ್ತಾಗಬಾರದು, ಭಾವನಿಗೂ ಗೊತ್ತಾಗಬಾರದು.

ಈಗ ಅವರ ಮಗಳಿಗೆ ಬರೋಣ. ಮನೆಯಲ್ಲಿ ಅವಳನ್ನು ಇರುವೆ ಎಂದೇ ಕರೆಯುವುದು. ಗಾತ್ರವೂ ಅಷ್ಟೇ, ಕೂತಲ್ಲಿ ಕೂರದ ಗುಣವೂ ಅದೇ. ಅಡುಗೆಮನೆಯಿಂದ ಉಪ್ಪು ತಾ ಎಂದರೆ ಅಕ್ಕ ಮಾತು ಮುಗಿಸುವ ಮೊದಲೇ ಉಪ್ಪಿನ ಡಬ್ಬಿ ಮೇಜಿನ ಮೇಲಿರುತ್ತಿತ್ತು, ಅರ್ಧ ಉಪ್ಪು ದಾರಿಯಲ್ಲಿರುತ್ತಿತ್ತು. ನಮ್ಮ ಶಾಲೆಗೆ ಸೇರಬೇಕೆಂದು ಅವಳಿಗೆ ಒಂದೇ ಹಟ. ಭಾವ ಕೆಲಸಕ್ಕೆ ಬರುವ ಮೊದಲೇ ಒಮ್ಮೆ ಬಂದಿದ್ದಳು. ಗುಂಡೆಸೆತದ ಕೋಚ್ ನೋಡಿ, "ಊದಿದ್ರೆ ಹಾರಿಹೋಗ್ತಾಳೆ," ಎಂದು ವಾಪಸ್ ಕಳಿಸಿದ್ದರು. ಆಮೇಲೆ ಭಾವ ಸಮಿತಿಗೆ ಬಂದರು. ಅಪ್ಪ ಸಮಿತಿಯಲ್ಲಿದ್ದಾನೆ, ಜನ ಏನೆಂದಾರು ಎಂದು ತಾವೇ ಅವಳನ್ನು ತಡೆದರು. ಆ ವರ್ಷವೇ ಕೊನೆಯ ಅವಕಾಶ. ಮುಂದಿನ ಪರೀಕ್ಷೆಯ ಹೊತ್ತಿಗೆ ಹನ್ನೆರಡು ದಾಟಿರುತ್ತದೆ, ಶಾಲೆಯ ಬಾಗಿಲು ಮುಚ್ಚಿದ ಹಾಗೇ. ಅಕ್ಕ ಗಂಡನ ಎದುರು ನಿಂತು, "ಈ ಸಲ ಓಡ್ತಾಳೆ. ನಿಮಗೆ ಮುಜುಗರ ಆದ್ರೆ ನೀವು ಕಣ್ಣು ಮುಚ್ಕೊಳ್ಳಿ," ಎಂದಳು.

ಭಾವ ಅಕ್ಷರಶಃ ಹಾಗೇ ಮಾಡಿದರು. ಪರೀಕ್ಷೆಯ ದಿನ ಮೈದಾನಕ್ಕೆ ಇಳಿಯಲೇ ಇಲ್ಲ. ಮೇಲಿನ ಕಚೇರಿಯಲ್ಲಿ ಕಿಟಕಿಯ ಪರದೆ ಎಳೆದುಕೊಂಡು, ಕಂಪ್ಯೂಟರಿನ ಮುಂದೆ ಕೂತರು. ಮಗಳ ನಂಬರು ಏನೆಂದು ಮನೆಯಲ್ಲಿ ಯಾರೂ ತನಗೆ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದರು. ಮಗಳು ಓಡುವುದನ್ನು ಆ ಮನುಷ್ಯ ಜನ್ಮದಲ್ಲಿ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅಡುಗೆಮನೆಯಿಂದ ಮೇಜಿನವರೆಗಿನ ಓಟಕ್ಕೆ ಬೈದದ್ದು ಬಿಟ್ಟರೆ.

ಮೂವತ್ತು ಮೀಟರಿನ ಓಟವನ್ನು ಅಳೆಯಲು ನಮ್ಮಲ್ಲಿ ಯಂತ್ರವಿದೆ. ದಾರಿಯ ಅಕ್ಕಪಕ್ಕ ಹತ್ತತ್ತು ಮೀಟರಿಗೆ ಜೋಡಿ ಕಂಬಗಳು, ನಡುವೆ ಕಾಣದ ಬೆಳಕು, ಮಗು ಹಾದರೆ ಸಮಯ ತಾನೇ ದಾಖಲಾಗುತ್ತದೆ. ಅವತ್ತು ಮಧ್ಯಾಹ್ನ ಕಂಬಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಹಿಂದಿನ ದಿನ ಚಾರ್ಜಿಗೆ ಇಟ್ಟವರು ಪ್ಲಗ್ ಹಾಕಿದ್ದರು, ಸ್ವಿಚ್ ಹಾಕಿರಲಿಲ್ಲ. ಉಳಿದ ಹುಡುಗಿಯರ ಗುಂಪಿಗೆ ನಾನೇ ಸ್ಟಾಪ್‌ವಾಚ್ ಹಿಡಿದೆ. ಇರುವೆ ಆ ಗುಂಪಿನಲ್ಲಿದ್ದಳು, ನಂಬರು ನಲವತ್ತೇಳು.

ಅವಳು ಹೊರಟಳು. ನಾನು ಗುಂಡಿ ಒತ್ತಿ ಕಣ್ಣೆತ್ತುವಷ್ಟರಲ್ಲಿ ಅರ್ಧ ದಾರಿ ಬಂದುಬಿಟ್ಟಿದ್ದಳು. ಗೆರೆ ದಾಟಿದಾಗ ಒತ್ತಿ ನೋಡಿದೆ, ನಾಲ್ಕೂವರೆ ಸೆಕೆಂಡಿಗೂ ಕಡಿಮೆ. ಆ ವಯಸ್ಸಿನ ಹುಡುಗಿಯರಿಗೆ ಐದು ದಾಟಿ ಮೇಲೆ ಹಿಡಿಯುವ ಓಟ ಅದು. ಖುಷಿ ತಡೆಯಲಾಗದೆ ಸೀಟಿ ಊದಿಬಿಟ್ಟೆ. ಊದಿದ್ದು ಯಾಕೆ ಎಂದು ಪಕ್ಕದ ಮೈದಾನದವರು ಬಂದು ಕೇಳಿದರು.

ಮರುದಿನ ಬೆಳಿಗ್ಗೆ ಸಮಿತಿ. ಗೋಡೆಯ ಮೇಲೆ ಆಯ್ಕೆಯಾದ ನಂಬರುಗಳು ಮೂಡಿದವು. ಹುಡುಗಿಯರ ಸಾಲನ್ನು ಮೇಲಿಂದ ಕೆಳಕ್ಕೆ ಓದಿದೆ, ಕೆಳಗಿಂದ ಮೇಲಕ್ಕೆ ಓದಿದೆ. ನಲವತ್ತೇಳು ಇಲ್ಲ.

"ಭಾವ, ನಲವತ್ತೇಳು ಎಲ್ಲಿ?" ಎಂದೆ. ಕಚೇರಿಯಲ್ಲಿ ಸಾರ್ ಎನ್ನಬೇಕಿತ್ತು, ಮರೆತೆ.

ಭಾವ ಎರಡು ಸಲ ಒತ್ತಿ ನೋಡಿದರು. "ಅದಾ? ಅಳತೆ ದೋಷ. ಪಕ್ಕಕ್ಕೆ ಹೋಗಿದೆ. ಒಟ್ಟು ನಾಲ್ಕು ಹೋಗಿದಾವೆ. ಈ ವರ್ಷಾನೂ ಒಬ್ಬ ಹುಡುಗ ನಾಲ್ಕು ಕಿಲೋ ಇದಾನೆ."

ಗುಂಡೆಸೆತದ ಕೋಚ್ ಕಿಟಕಿಯ ಕಡೆ ನೋಡಿದರು.

"ನಲವತ್ತೇಳರದು ಯಾರ ದೋಷ?" ಎಂದೆ.

"ಸ್ಟಾಪ್‌ವಾಚ್ ಹಿಡಿದೋರದು. ಕೈಯಲ್ಲಿ ಅಳೆದ್ರೆ ಯಾವಾಗ್ಲೂ ಸ್ವಲ್ಪ ಕಡಿಮೆ ಬರುತ್ತೆ, ಅದನ್ನ ಸೇರಿಸ್ಕೊಂಡೇ ನೋಡಿದೀನಿ. ಆದ್ರೂ ಗೆರೆ ದಾಟಿ ಆಚೆ ನಿಂತಿದೆ. ಮಕ್ಕಳು ಹಾಗೆ ಓಡಲ್ಲ."

"ವಾಚ್ ಹಿಡಿದೋಳು ನಾನು. ಓಡಿದೋಳು ನಿಮ್ಮ ಮಗಳು."

ಭಾವನ ಮುಖ ಬಿಳಿಚಿಕೊಂಡಿತು. ನಿರ್ದೇಶಕರು ಮಾತ್ರ ಸಲೀಸಾಗಿ, "ಅಯ್ಯೋ, ನಿಮ್ಮ ಮಗಳೇನ್ರೀ? ಸೇರಿಸಿಬಿಡಿ ಮತ್ತೆ, ಅದಕ್ಕೇನು ಇಷ್ಟು ಚರ್ಚೆ," ಎಂದರು. ಗುಂಡೆಸೆತದ ಕೋಚ್ ಕೂಡ ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದರು. ಇವರಿಗೆಲ್ಲ ಇದು ಊಟದ ಮಧ್ಯೆ ನೀರು ಕುಡಿದಷ್ಟು ಸುಲಭ.

"ಈಗಂತೂ ಸೇರಿಸೋ ಹಾಗೇ ಇಲ್ಲ ಸಾರ್," ಎಂದರು ಭಾವ. "ಗೊತ್ತಿಲ್ದಾಗ ದೋಷ ಅಂತ ತೆಗೆದಿಟ್ಟಿದ್ದನ್ನ, ನನ್ನ ಮಗಳದು ಅಂತ ಗೊತ್ತಾದ ತಕ್ಷಣ ಸರಿ ಅನ್ನೋಕಾಗುತ್ತಾ?" ಆಮೇಲೆ ನನ್ನ ಕಡೆ ತಿರುಗಿ, ತೀರ ಮೆತ್ತಗೆ, "ಅದೇ ಗುಂಪಲ್ಲಿ ಉಳಿದೋರದೆಲ್ಲ ಸರಿಯಾಗೇ ಅಳೆದಿದೀಯ. ಇವಳದೊಂದೇ ಹೀಗೆ ಬಂದಿದೆ. ನೀನು ಚಿಕ್ಕಮ್ಮ ಕಣಮ್ಮ. ಬೆರಳಿಗೂ ಪ್ರೀತಿ ಇರುತ್ತೆ," ಎಂದರು.

ಪಿತ್ತ ನೆತ್ತಿಗೇರಿತು. ಎಷ್ಟು ವರ್ಷಗಳಿಂದ ವಾಚ್ ಹಿಡಿದ ಬೆರಳು ಇದು! ಸ್ವಂತ ಮಗನ ಓಟಕ್ಕೂ ಒಂದು ಕೂದಲೆಳೆ ಬಿಟ್ಟುಕೊಟ್ಟವಳಲ್ಲ ನಾನು. ಆ ಕೋಣೆಯಲ್ಲಿ ಏನೇನು ಅಂದೆನೋ ಪೂರ್ತಿ ನೆನಪಿಲ್ಲ, ಬಿಸ್ಕತ್ತು ಎಂಬ ಪದ ಹಲವು ಸಲ ಬಂದಿರಬೇಕು. ಕೊನೆಗೆ ನಿರ್ದೇಶಕರೇ ತಲೆ ಹಿಡಿದುಕೊಂಡು ಒಂದು ದಾರಿ ಮಾಡಿದರು. ಪಕ್ಕಕ್ಕಿಟ್ಟ ನಾಲ್ವರಿಗೂ ಯಂತ್ರದಲ್ಲಿ ಇನ್ನೊಂದು ಪರೀಕ್ಷೆ. ಹುಡುಗಿಯರಲ್ಲಿ ಕೊನೆಯ ಜಾಗ ಒಂದನ್ನು ಅಲ್ಲಿಯವರೆಗೆ ಖಾಲಿ ಇಡುವುದು. ಮರುಪರೀಕ್ಷೆಯೇ ಅಂತಿಮ ಎಂಬ ಷರತ್ತನ್ನು ಭಾವ ತಾವೇ ಸೇರಿಸಿದರು.

ಸಂಜೆ ನಾನು ಸೀದಾ ಅಕ್ಕನ ಮನೆಗೆ ಹೋದೆ. ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಭಾವ ಕೈಕಾಲು ತೊಳೆದು ಮೇಜಿಗೆ ಬಂದರೆ ಅಕ್ಕ ಖಾಲಿ ತಟ್ಟೆ ಇಟ್ಟಳು.

"ಮಗಳನ್ನ ಪಕ್ಕಕ್ಕಿಟ್ಟಿದೀರಂತೆ. ನಿಮ್ಮ ಊಟಾನೂ ಪಕ್ಕಕ್ಕಿಟ್ಟಿದೀನಿ."

"ಅವಳನ್ನಲ್ಲ ಕಣೆ, ಅವಳ ನಂಬರನ್ನ."

"ನಂಬರಿಗೆ ಕಾಲಿದೆಯೇನ್ರೀ? ಓಡಿದ್ದು ಅವಳ ಕಾಲು ತಾನೆ?"

ಇರುವೆ ಎದುರಿಗೆ ಕೂತು ಸದ್ದಿಲ್ಲದೆ ಉಣ್ಣುತ್ತಿದ್ದಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಅತ್ತಿದ್ದರೆ ನನಗೆ ವಾಸಿಯಾಗಿತ್ತು. ತುತ್ತು ನುಂಗಿ, "ಅಪ್ಪ, ಆ ಗೆರೆ ಅಂದ್ರೇನು? ನಂಗೆ ತೋರಿಸು," ಎಂದಳು.

ಮಕ್ಕಳು ಏನಾದರೂ ಕೇಳಿದರೆ ಭಾವನಿಗೆ ಹಸಿವೂ ಮರೆತುಹೋಗುತ್ತದೆ. ಲೋಟದ ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಗುಡ್ಡದಂಥ ಗೆರೆ ಬರೆದರು. "ಇಲ್ನೋಡು, ಎಲ್ಲ ಮಕ್ಕಳೂ ಈ ಗುಡ್ಡದ ಹೊಟ್ಟೆ ಒಳಗೆ ಇರ್ತಾರೆ. ಜೋರಾಗಿ ಓಡೋರು ಕೆಲವರು ಈ ಕಡೆ ಬುಡದಲ್ಲಿ. ಅದನ್ನೂ ದಾಟಿ ಇಲ್ಲಿ ಆಚೆ ಯಾರಾದ್ರೂ ಕಂಡ್ರೆ, ಅಳೆದೋರು ತಪ್ಪಿದಾರೆ ಅಂತ."

"ನಿಜವಾಗ್ಲೂ ಅಲ್ಲಿ ಯಾರೂ ಇರೋದೇ ಇಲ್ವಾ?"

"ಇರಬಹುದು. ಸಾವಿರಕ್ಕೆ ಒಬ್ರು." ಭಾವ ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡು, "ಆದ್ರೆ ಆ ಒಬ್ರು ನಮ್ಮನೇಲೇ ಯಾಕೆ ಹುಟ್ತಾರಮ್ಮ? ನನ್ನ ನೋಡು," ಎಂದು ನಕ್ಕರು.

ಅಕ್ಕ ಪಾತ್ರೆಯ ಮುಚ್ಚಳವನ್ನು ಎತ್ತಿ ಕುಕ್ಕಿದಳು. ನನಗೂ ಆ ಮನುಷ್ಯನ ಕಿವಿ ಹಿಂಡಬೇಕು ಎನ್ನಿಸಿತು. ಜೊತೆಗೆ ಅಯ್ಯೋ ಪಾಪ ಎಂದೂ ಅನ್ನಿಸಿತು, ಅದು ಸುಳ್ಳಲ್ಲ. ತಾನು ಸಾಧಾರಣ ಎನ್ನುವುದನ್ನು ಅಷ್ಟು ಗಟ್ಟಿಯಾಗಿ ನಂಬಿಕೊಂಡವರನ್ನು ನಾನು ಬೇರೆ ನೋಡಿಲ್ಲ. ಮಗಳನ್ನೂ ಅದೇ ಸಾಧಾರಣದ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

"ಎಷ್ಟು ಬಂದ್ರೆ ಗೆರೆ ಒಳಗಡೆ ಇರುತ್ತೆ?" ಎಂದಳು ಇರುವೆ.

"ಐದರ ಹತ್ತಿರ ಬಂದ್ರೆ ಯಾರೂ ತಕರಾರು ಮಾಡಲ್ಲ. ಜಾಗಾನೂ ಸಿಗುತ್ತೆ."

"ಆಗ ನೀನೂ ನಂಬ್ತೀಯಾ?"

"ಆಗ ಎಲ್ರೂ ನಂಬ್ತಾರೆ," ಎಂದರು ಭಾವ. ಅವಳು ತಲೆಯಾಡಿಸಿ ಕೈತೊಳೆಯಲು ಎದ್ದಳು. ಲೆಕ್ಕದಲ್ಲಿ ಆಸಕ್ತಿ ಬಂದಿದೆ ಎಂದು ಭಾವನಿಗೆ ಒಳಗೊಳಗೇ ಖುಷಿ. ಅಕ್ಕ ಕೊನೆಗೆ ಊಟ ಬಡಿಸಿದಳು, ತಣ್ಣಗಾದದ್ದನ್ನು ಬಿಸಿ ಮಾಡಲಿಲ್ಲ.

ಮರುಪರೀಕ್ಷೆಯ ಬೆಳಿಗ್ಗೆ ಕಂಬಗಳು ತುಂಬಿದ ಹೊಟ್ಟೆಯಲ್ಲಿ ನಿಂತಿದ್ದವು. ಸ್ವಿಚ್ ಹಾಕಿದೆಯೇ ಎಂದು ರಾತ್ರಿ ನಾನೇ ಹೋಗಿ ನೋಡಿದ್ದೆ. ಈ ಸಲ ಭಾವ ಕೆಳಗೆ ಬರಲೇಬೇಕಾಯಿತು. ಓಟದ ದಾರಿ ಮುಗಿಯುವಲ್ಲಿ ಮಡಚುವ ಮೇಜು ಹಾಕಿಕೊಂಡು, ಲ್ಯಾಪ್‌ಟಾಪ್ ತೆರೆದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತರು. ನಾನು ಅವರ ಪಕ್ಕ ನಿಂತೆ, ಮಾತು ಬಿಟ್ಟಿದ್ದೆ. ನಿರ್ದೇಶಕರು, ಗುಂಡೆಸೆತದ ಕೋಚ್ ಇಬ್ಬರೂ ದೂರದ ನೆರಳಲ್ಲಿ ನಾಲ್ಕು ಕಿಲೋದ ಹುಡುಗನನ್ನು ಮತ್ತೆ ತಕ್ಕಡಿಯ ಮೇಲೆ ನಿಲ್ಲಿಸಿದ್ದರು. ನಲವತ್ತಕ್ಕೆ ಒಂದು ಕಡಿಮೆ ಬಂತಂತೆ, ಅಲ್ಲೇ ನಗುತ್ತ ಚಹಾ ತರಿಸಿಕೊಂಡರು.

ಇರುವೆ ಗೆರೆಯ ಮೇಲೆ ನಿಂತಳು. ಇವತ್ತು ಯಂತ್ರವೇ ಹೇಳಲಿ, ನನ್ನ ಬೆರಳಿನ ಮಾನ ಉಳಿಯಲಿ ಎಂದುಕೊಂಡೆ.

ಹೊರಟಳು. ಮೊದಲ ಕಂಬ ದಾಟಿದ್ದು ಕಣ್ಣಿಗೆ ಸಿಗಲಿಲ್ಲ. ಎರಡನೆಯದನ್ನು ದಾಟುವಾಗ ನಾನು "ಬಾ ಬಾ ಬಾ!" ಎಂದು ಕಿರುಚುತ್ತಿದ್ದೆ. ಅಲ್ಲಿ ಅವಳು ಒಮ್ಮೆ ಕತ್ತೆತ್ತಿ ಅಪ್ಪನ ಕಡೆ ನೋಡಿದಳು. ನೋಡಿದವಳೇ ಮೈಯನ್ನು ಹಿಂದಕ್ಕೆ ವಾಲಿಸಿ, ಹೆಜ್ಜೆ ಗಿಡ್ಡ ಮಾಡಿ, ಉಳಿದ ದಾರಿಯನ್ನು ತರಕಾರಿ ತರಲು ಹೊರಟವರ ಹಾಗೆ ಕುಕ್ಕುತ್ತ ಬಂದಳು. ಕಾಲು ಉಳುಕಿತೇ ಎಂದು ನನ್ನ ಜೀವ ಹಾರಿತು. ಉಳುಕಿರಲಿಲ್ಲ. ತಾನೇ ತಡೆದುಕೊಳ್ಳುವ ಮಗುವನ್ನು ಕೋಚ್ ಆದವಳು ಎಷ್ಟು ದೂರದಿಂದಲಾದರೂ ಗುರುತಿಸುತ್ತಾಳೆ. ತುಟಿ ಬಾಯೊಳಗೆ ಕಚ್ಚಿಕೊಂಡು, ಲೆಕ್ಕ ಹಾಕುತ್ತ ಬರುತ್ತಿದ್ದಳು.

ಲ್ಯಾಪ್‌ಟಾಪಿನ ಮೇಲೆ ಮೂರು ಅಂಕಿ ಮೂಡಿದವು, ಹತ್ತು ಮೀಟರಿಗೆ ಒಂದರಂತೆ. ಮೊದಲ ಎರಡು ಆ ವರ್ಷ ಬಂದ ಯಾವ ಹುಡುಗಿಯೂ, ಬಹುಪಾಲು ಹುಡುಗರೂ ಮುಟ್ಟದ ಅಂಕಿಗಳು. ಮೂರನೆಯದು ಎಲ್ಲರಿಗಿಂತ ಕೆಟ್ಟದ್ದು. ಒಟ್ಟು ಐದನ್ನು ದಾಟಿ ಆಚೆ ಹೋಗಿತ್ತು. ಪಾಪ, ಮಗುವಿಗೆ ಓಡುವುದು ಗೊತ್ತು, ನಿಧಾನ ಮಾಡುವುದು ಗೊತ್ತಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಹಿಡಿದುಬಿಟ್ಟಿದ್ದಳು. ಜಾಗ ಹೋಯಿತು.

ಅವಳಿಗೆ ಅದು ತಿಳಿಯದು. ಅಪ್ಪನ ಮೇಜಿನ ಹತ್ತಿರ ಬಂದು, ಮುಖ ಅರಳಿಸಿಕೊಂಡು, "ಅಪ್ಪ, ಒಳಗಡೆ ಬಂತಾ? ಈಗ ನಂಬ್ತೀಯಾ?" ಎಂದಳು.

ಭಾವ ಆ ಮೂರು ಅಂಕಿಗಳನ್ನೇ ನೋಡುತ್ತಿದ್ದರು. ಆಮೇಲೆ ಅವಳನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಗಿದೆ ಎಂದು ನನಗೆ ಅರ್ಥವಾಯಿತು. ಸಮಿತಿಯ ದಿನದಿಂದ ಬೈಯಲು ಕೂಡಿಟ್ಟುಕೊಂಡಿದ್ದ ಮಾತೆಲ್ಲ ನನಗೆ ಮರೆತೇಹೋಯಿತು.

ನಿರ್ದೇಶಕರು ಚಹಾದ ಲೋಟ ಹಿಡಿದುಕೊಂಡೇ ಬಂದರು. ಹಿಂದೆ ಗುಂಡೆಸೆತದ ಕೋಚ್. "ಎಷ್ಟು ಬಂತ್ರೀ?"

ಭಾವ ಲ್ಯಾಪ್‌ಟಾಪ್ ಮುಚ್ಚಿದರು. "ಇದು ಬೇಡ ಸಾರ್. ಮೊದಲನೇ ದಿನದ್ದೇ ಸರಿ. ಅದನ್ನೇ ಹಾಕ್ಕೊಳ್ಳಿ."

"ಯಾಕೆ, ಯಂತ್ರ ಮತ್ತೆ ಕೆಟ್ಟೋಯ್ತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನೂ ಮನಸ್ಸಿನಲ್ಲೇ ಹೂಂ ಅನ್ನಿ, ಹೂಂ ಅನ್ನಿ ಎಂದು ಹೇಳಿಕೊಳ್ಳುತ್ತಿದ್ದೆ. "ಯಂತ್ರ ಸರಿಯಾಗಿದೆ," ಎಂದರು ಭಾವ.

"ಮತ್ತೇನು ಕಾರಣ? ಮರುಪರೀಕ್ಷೆನೇ ಅಂತಿಮ ಅಂತ ನೀವೇ ಬರೆಸಿದ್ರಲ್ಲ?"

ಕಾರಣ ಆ ಮುಚ್ಚಿದ ಲ್ಯಾಪ್‌ಟಾಪಿನೊಳಗೇ ಇತ್ತು. ಮೊದಲ ಇಪ್ಪತ್ತು ಮೀಟರು ತೋರಿಸಿದರೆ ಮಗು ಎಂಥ ಓಟಗಾತಿ ಎಂದು ಕುರುಡನಿಗೂ ಕಾಣುತ್ತಿತ್ತು. ಆದರೆ ಕೊನೆಯ ಹತ್ತನ್ನೂ ತೋರಿಸಬೇಕಾಗುತ್ತದೆ. ಬೇಕೆಂದೇ ಕಡಿಮೆ ಓಡಿದವರು ಅನರ್ಹ, ಮುಂದೆಂದೂ ಪ್ರವೇಶವಿಲ್ಲ. ಆ ನಿಯಮದಿಂದ ಏಟು ತಿಂದ ಗುಂಡೆಸೆತದ ಕೋಚ್ ಅಲ್ಲೇ, ಎರಡು ಮಾರು ದೂರದಲ್ಲಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ನಿಂತಿದ್ದರು. ಭಾವ ಒಮ್ಮೆ ನನ್ನ ಕಡೆ ನೋಡಿದರು. ನಾನು ತುಟಿ ಬಿಚ್ಚಲಿಲ್ಲ.

"ಅವಳು ನನ್ನ ಮಗಳು ಸಾರ್," ಎಂದರು ಭಾವ. "ಜಾಗ ಕೊಡಿ."

ಅಷ್ಟೇ ಅಂದದ್ದು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಗುಂಡೆಸೆತದ ಕೋಚ್ ಬಿದ್ದು ಬಿದ್ದು ನಕ್ಕರು. "ಅಬ್ಬಬ್ಬಾ! ಸರಾಸರಿ ಸಾಹೇಬ್ರು ಕೊನೆಗೂ ನಮ್ಮ ದಾರಿಗೆ ಬಂದ್ರಪ್ಪ! ಬನ್ನಿ ಬನ್ನಿ, ಇಲ್ಲಿ ಜಾಗ ಬೇಕಾದಷ್ಟಿದೆ," ಎಂದು ಭಾವನ ಬೆನ್ನಿಗೆ ಒಂದು ಹಾಕಿದರು. ಕನ್ನಡಕ ಮೂಗಿನ ತುದಿಗೆ ಬಂತು. ನಿರ್ದೇಶಕರಿಗೂ ದೊಡ್ಡ ಭಾರ ಇಳಿದ ಹಾಗಾಯಿತು. "ಮೊದಲೇ ಹೇಳಿದ್ನಲ್ಲ, ಸೇರಿಸಿಬಿಡಿ ಅಂತ. ಸುಮ್ನೆ ಇಷ್ಟು ದಿನ ಎಳೆದ್ರಿ," ಎಂದು ಚಹಾ ಮುಗಿಸಿದರು. ಆ ಖಾಲಿ ಜಾಗಕ್ಕೆ ಸರದಿಯಲ್ಲಿದ್ದ ಮುಂದಿನ ಹುಡುಗಿಗೆ ಆಗ ಇನ್ನೂ ಹತ್ತು ವರ್ಷ, ಮರುವರ್ಷ ಬಂದು ಸಲೀಸಾಗಿ ಸೇರಿದಳು. ಈಗ ನನ್ನ ಹತ್ತಿರವೇ ಇದ್ದಾಳೆ, ಕೇಳಿ ನೋಡಿ.

ಸಂಜೆಯೊಳಗೆ ಅಡುಗೆಯವರಿಂದ ಕಾವಲುಗಾರನವರೆಗೆ ಎಲ್ಲರಿಗೂ ವಿಷಯ ಮುಟ್ಟುತ್ತದೆ ಎಂದು ಭಾವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಮುಂದಿನ ವಾರ ಅವರೇ ಸಮಿತಿಯಿಂದ ಹೊರಬಂದರು. ನನ್ನ ಮಾತಿಗೆ ಇನ್ನು ಬೆಲೆಯಿಲ್ಲ, ನಾನು ಕೂತರೆ ಪದ್ಧತಿಯೂ ಕೆಡುತ್ತದೆ ಎಂದು. ಅವರ ಪದ್ಧತಿ ಇವತ್ತಿಗೂ ನಡೆಯುತ್ತಿದೆ, ಪಕ್ಕಕ್ಕೆ ಹೋದ ಪ್ರತಿ ಮಗುವನ್ನೂ ತಪ್ಪದೆ ಮತ್ತೆ ಓಡಿಸಿ, ಎದುರಿಗೆ ನಿಂತು ನೋಡಬೇಕೆಂಬ ಒಂದು ಸಾಲು ಅದಕ್ಕೆ ಸೇರಿದೆ. ಆ ಸಾಲು ಬರೆಸಿದ್ದೇ ಅವರು ಸಮಿತಿಯಲ್ಲಿ ಮಾಡಿದ ಕೊನೆಯ ಕೆಲಸ.

ಅವತ್ತು ಎಲ್ಲರೂ ಹೋದ ಮೇಲೆ ನಾವು ಮೂವರೇ ಉಳಿದೆವು. ನಾನು ಮೇಜು ಮಡಚತೊಡಗಿದೆ. ಇರುವೆಯ ಮುಖ ಸಣ್ಣಗಾಗಿತ್ತು.

"ಅಪ್ಪ, ಅವ್ರೆಲ್ಲ ನೀನು ನನಗೋಸ್ಕರ ಮೋಸ ಮಾಡಿದೆ ಅಂತ ನಕ್ರು."

"ನಗ್ಲಿ ಬಿಡು."

"ನೀನು ಮಾಡಿಲ್ಲ ಅಲ್ವಾ?"

ಭಾವ ಅವಳೆದುರು ಕುಕ್ಕರುಗಾಲಲ್ಲಿ ಕೂತರು. ಮಂಡಿ ಲಟಕ್ಕೆಂದಿತು. "ನಾನು ಮಾಡಿಲ್ಲ. ನೀನು ಮಾಡಿದೆ, ನನಗೋಸ್ಕರ," ಎಂದರು. ಅವಳು ತಲೆ ತಗ್ಗಿಸಿದಳು. ಅವರು ಅವಳ ಗಲ್ಲ ಹಿಡಿದು ಎತ್ತಿದರು. "ತಪ್ಪು ನಂದು ಕಣಮ್ಮ. ಆದ್ರೆ ಇನ್ಮೇಲೆ ಯಾರಿಗೋಸ್ಕರಾನೂ ನಿಧಾನ ಆಗ್ಬೇಡ. ನನಗೋಸ್ಕರ ಅಂತೂ ಬೇಡ್ವೇ ಬೇಡ."

ನಾನು ಮೇಜನ್ನು ಅರ್ಧಕ್ಕೇ ಬಿಟ್ಟು ಆ ಕಡೆ ತಿರುಗಿ ಗೊಳೋ ಎಂದು ಅತ್ತೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಇರುವೆ ಓಟದ ದಾರಿಯ ಆ ತುದಿಗೆ ಹೋಗಿ ನಿಂತಿದ್ದಳು, ಭಾವ ಬಿಸಿಲಿಗೆ ಕೈ ಅಡ್ಡ ಹಿಡಿದು, ಅವಳು ಹೊರಡುವುದನ್ನೇ ಕಾಯುತ್ತಿದ್ದರು.